ಶವದ ಮೇಲಿನ ಕೀಟಗಳು ಸಾವಿನ ಸಮಯವನ್ನು ಎಷ್ಟರ ಮಟ್ಟಿಗೆ ಹೇಳಬಲ್ಲವು? ನಮ್ಮ ಕರಾವಳಿಯ ಹವೆಯಲ್ಲಿ ಅದು ಹೇಗೆ?

ನಿವೃತ್ತ ವಿಜ್ಞಾನ ಅಧ್ಯಾಪಕ, ಬದಿಯಡ್ಕ

ಪ್ರೌಢಶಾಲೆಯ ವಿಜ್ಞಾನ ಸಂಘಕ್ಕಾಗಿ ವಿಧಿವಿಜ್ಞಾನದ ಬಗ್ಗೆ ಒಂದು ಉಪನ್ಯಾಸವನ್ನು ಸಿದ್ಧಪಡಿಸುತ್ತಿದ್ದೇನೆ. ಶವದ ಮೇಲೆ ಕಾಣುವ ಕೀಟಗಳಿಂದ ಸಾವಿನ ಸಮಯವನ್ನು ಲೆಕ್ಕಹಾಕುವ ವಿಷಯವೂ ಅದರಲ್ಲಿ ಇರಬೇಕೆಂಬುದು ನನ್ನ ಆಸೆ. ಆದರೆ ನನಗೆ ದೊರೆತ ಪುಸ್ತಕಗಳೆಲ್ಲವೂ ಚಳಿದೇಶದವರು ಬರೆದವು. ಅವುಗಳಲ್ಲಿ ಸಿಲ್ಫಿಡೇ ಕುಟುಂಬದ ಶವಭಕ್ಷಕ ಜೀರುಂಡೆಗಳಿಗೆ ಬಹಳ ದೊಡ್ಡ ಸ್ಥಾನವಿದೆ; ಸತ್ತ ಇಲಿಯನ್ನೋ ಹಕ್ಕಿಮರಿಯನ್ನೋ ಗಂಡು ಹೆಣ್ಣು ಕೂಡಿ ಮಣ್ಣಿನೊಳಗೆ ಹೂಳುವ ಚಿತ್ರಗಳು ಪುಟಪುಟಕ್ಕೂ ಇವೆ. ನಾನು ತೋಟದಲ್ಲಿ, ಗುಡ್ಡದಲ್ಲಿ ಸತ್ತ ಪ್ರಾಣಿಗಳ ಬಳಿ ಕಂಡದ್ದು ನೊಣ ಮತ್ತು ಇರುವೆಗಳನ್ನು ಮಾತ್ರ.

ನನ್ನ ಪ್ರಶ್ನೆಗಳು ಮೂರು. ಆ ಜೀರುಂಡೆಗಳು ನಮ್ಮ ಕಾಸರಗೋಡಿನಲ್ಲಿ ಇವೆಯೇ? ಇಲ್ಲವಾದರೆ ಇಲ್ಲಿ ಅವುಗಳ ಕೆಲಸವನ್ನು ಯಾವ ಕೀಟಗಳು ಮಾಡುತ್ತವೆ? ದೂರದರ್ಶನದ ಧಾರಾವಾಹಿಗಳಲ್ಲಿ ತೋರಿಸುವಂತೆ, ಹುಳುವನ್ನು ನೋಡಿದೊಡನೆ "ರಾತ್ರಿ ಹನ್ನೊಂದು ಗಂಟೆಗೆ ಸಾವು ಸಂಭವಿಸಿದೆ" ಎಂದು ಹೇಳಲು ಯಾರಿಗಾದರೂ ಸಾಧ್ಯವೇ?

ಕೀಟಶಾಸ್ತ್ರ ಸಂಶೋಧಕಿ (ಊರು ಪೆರ್ಲ)

ಮಾಸ್ತರರೇ, ಮೂರನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮಕ್ಕಳು ತಪ್ಪು ತಿಳಿಯುವುದು ಅಲ್ಲಿಯೇ. ಕೀಟವು ಸಾವಿನ ಗಂಟೆಯನ್ನು ಹೇಳುವುದಿಲ್ಲ. ಶವದ ಮೇಲೆ ಮೊಟ್ಟೆಯಿಟ್ಟು ಇಂತಿಷ್ಟು ಕಾಲವಾಯಿತು ಎಂಬುದನ್ನು ಮಾತ್ರ ಅದು ಹೇಳುತ್ತದೆ. ಆದ್ದರಿಂದ ನಾವು ಕೊಡಬಹುದಾದದ್ದು ಒಂದು ಕನಿಷ್ಠ ಅವಧಿ: "ಈ ವ್ಯಕ್ತಿ ಸತ್ತು ಕಡಿಮೆಯೆಂದರೂ ಇಷ್ಟು ದಿನಗಳಾಗಿವೆ." ಸಾವಿಗೂ ಮೊಟ್ಟೆಗೂ ನಡುವಿನ ಅಂತರ ಕೆಲವೊಮ್ಮೆ ಕೆಲವೇ ನಿಮಿಷಗಳು, ಕೆಲವೊಮ್ಮೆ ದಿನಗಳು. ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚಿದ ಕೋಣೆ, ಜಡಿಮಳೆ, ಕತ್ತಲೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ದೇಹ, ಇವೆಲ್ಲವೂ ಆ ಅಂತರವನ್ನು ಹೆಚ್ಚಿಸುತ್ತವೆ. ನೊಣಗಳು ಸಾಮಾನ್ಯವಾಗಿ ಹಗಲಿನಲ್ಲೇ ಮೊಟ್ಟೆಯಿಡುತ್ತವೆ. ರಾತ್ರಿಯಲ್ಲೂ ಅಪರೂಪಕ್ಕೆ ಇಟ್ಟದ್ದನ್ನು ಪ್ರಯೋಗಗಳಲ್ಲಿ ಕಂಡಿದ್ದಾರಾದ್ದರಿಂದ ಅದನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ.

ಜೀರುಂಡೆಯ ವಿಷಯಕ್ಕೆ ಬಂದರೆ, ನಿಮ್ಮ ಕಣ್ಣು ಸರಿಯಾಗಿಯೇ ಕಂಡಿದೆ. ಸಿಲ್ಫಿಡೇ ಗುಂಪಿನ ಬಹುಪಾಲು ಜಾತಿಗಳು ಸಮಶೀತೋಷ್ಣ ಪ್ರದೇಶದವು. ಭಾರತದಲ್ಲಿ ಅವುಗಳ ವೈವಿಧ್ಯ ಹೆಚ್ಚಾಗಿರುವುದು ಹಿಮಾಲಯದ ಕಡೆಗೆ. ಹೆಣವನ್ನು ಹೂಳುವ ನೈಕ್ರೋಫೋರಸ್ ನೇಪಾಲೆನ್ಸಿಸ್ ಎಂಬ ಜಾತಿಯೂ ಆ ಕಡೆಯದೇ. ಉಷ್ಣವಲಯದ ತಗ್ಗು ನಾಡಿನಲ್ಲಿ ನೊಣ ಮತ್ತು ಇರುವೆಗಳು ಎಷ್ಟು ಬೇಗ ಬಂದು ಎಷ್ಟು ಬೇಗ ಮುಗಿಸುತ್ತವೆಯೆಂದರೆ, ನಿಧಾನವಾಗಿ ಸಂಸಾರ ಹೂಡುವ ಈ ಜೀರುಂಡೆಗಳಿಗೆ ಅಲ್ಲಿ ಪಾಲು ಉಳಿಯುವುದು ಕಷ್ಟ. ನೈಕ್ರೋಫೋರಸ್‌ನ ಸಂಸಾರವನ್ನು ಮಕ್ಕಳಿಗೆ ಹೇಳಲೇಬೇಕು: ಸಣ್ಣ ಹೆಣವನ್ನು ನೆಲದಡಿಗೆ ಇಳಿಸಿ, ರೋಮ ಅಥವಾ ಗರಿಗಳನ್ನು ಕಿತ್ತು, ಉಂಡೆಮಾಡಿ, ಕೊಳೆಯದಂತೆ ತಮ್ಮ ಸ್ರಾವವನ್ನು ಸವರಿ, ಮರಿಗಳು ಹೊರಬಂದ ಮೇಲೆ ತಂದೆತಾಯಿಗಳಿಬ್ಬರೂ ಅರೆಜೀರ್ಣವಾದ ಆಹಾರವನ್ನು ಅವುಗಳ ಬಾಯಿಗೆ ಉಣಿಸುತ್ತವೆ, ಕೀಟಲೋಕದಲ್ಲಿ ಇಂಥ ಪಾಲನೆ ಅಪರೂಪ. ಆದರೆ ಮನುಷ್ಯನ ದೇಹದಷ್ಟು ದೊಡ್ಡದನ್ನು ಅವು ಹೂಳಲಾರವು. ಅಲ್ಲಿಗೆ ಬಂದರೂ ಮೇಯುವುದಕ್ಕೆ ಮಾತ್ರ. ದೊಡ್ಡ ಶವಗಳಲ್ಲೇ ಸಂತಾನ ಬೆಳೆಸುವವು ಅದೇ ಕುಟುಂಬದ ಬೇರೆ ಕುಲಗಳು: ಯುರೋಪಿನ ನೆಕ್ರೋಡಿಸ್, ಆಫ್ರಿಕ ಮತ್ತು ಯುರೋಪಿನ ಥನಾಟೋಫಿಲಸ್. ದಕ್ಷಿಣ ಆಫ್ರಿಕದ ಥನಾಟೋಫಿಲಸ್ ಮೈಕನ್ಸ್ ಸಾವಿನ ನಂತರ 24 ಗಂಟೆಗಳೊಳಗೇ ಬಂದು ಸಂತಾನೋತ್ಪತ್ತಿ ಆರಂಭಿಸಬಲ್ಲದು ಎಂಬುದು ತಿಳಿದ ಮೇಲೆ, "ಜೀರುಂಡೆಗಳು ತಡವಾಗಿ ಬರುವವು" ಎಂಬ ಹಳೆಯ ನಂಬಿಕೆ ಸಡಿಲವಾಗಿದೆ. ಜೀರುಂಡೆಯ ಬೆಳವಣಿಗೆ ನೊಣದ್ದಕ್ಕಿಂತ ನಿಧಾನವಾದ್ದರಿಂದ, ನೊಣಗಳೆಲ್ಲ ಬೆಳೆದು ಹಾರಿಹೋದ ಬಳಿಕವೂ ಅವುಗಳ ಮರಿಹುಳುಗಳು ಲೆಕ್ಕಕ್ಕೆ ಸಿಗುತ್ತವೆ. ತನಿಖೆಯಲ್ಲಿ ಅವುಗಳಿಗೆ ಬೆಲೆ ಬಂದದ್ದು ಇದರಿಂದಲೇ.

ನಮ್ಮಲ್ಲಿ ಮೊದಲಿಗರು ನೊಣಗಳು. ಮೀನಿನ ಮಾರುಕಟ್ಟೆಯಲ್ಲಿ ಎಲ್ಲರೂ ನೋಡಿರುವ, ನೀಲಿ ಹಸಿರು ಹೊಳಪಿನ ಮೈಯೂ ಕೆಂಪು ದೊಡ್ಡ ಕಣ್ಣುಗಳೂ ಇರುವ ಕ್ರೈಸೊಮಿಯಾ ಮೆಗಸೆಫಲಾ ಅವುಗಳಲ್ಲಿ ಮುಖ್ಯವಾದದ್ದು. ಅದರ ಜೊತೆಗೆ ಕ್ರೈಸೊಮಿಯಾ ರೂಫಿಫೇಸಿಸ್, ಹಸಿರು ನೊಣಗಳು, ಮೊಟ್ಟೆಗೆ ಬದಲಾಗಿ ಜೀವಂತ ಮರಿಹುಳುಗಳನ್ನೇ ಬಿಡುವ ಬೂದುಬಣ್ಣದ ಮಾಂಸದ ನೊಣಗಳು ಬರುತ್ತವೆ. ಮೊಟ್ಟೆಯೊಡೆದ ಹುಳು ಎರಡು ಸಲ ಪೊರೆ ಕಳಚಿ ಮೂರು ಹಂತಗಳಲ್ಲಿ ಬೆಳೆಯುತ್ತದೆ; ಹೊಟ್ಟೆ ತುಂಬಿದ ಮೇಲೆ ಶವವನ್ನು ಬಿಟ್ಟು ದೂರ ಸರಿದು, ಮಣ್ಣಿನಲ್ಲೋ ತರಗೆಲೆಯ ಅಡಿಯಲ್ಲೋ ಕಂದುಬಣ್ಣದ ಗಟ್ಟಿ ಕೋಶವಾಗುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಮೊಟ್ಟೆಯಿಂದ ರೆಕ್ಕೆಯ ನೊಣದವರೆಗಿನ ಈ ಇಡೀ ಚಕ್ರಕ್ಕೆ ಹತ್ತು ದಿನಗಳ ಆಸುಪಾಸು ಸಾಕು.

ಇನ್ನು ಲೆಕ್ಕ. ಹುಳುವಿನ ಬೆಳವಣಿಗೆ ಉಷ್ಣತೆಯನ್ನು ಅವಲಂಬಿಸಿದೆ. ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ: ಒಂದು ಜಾತಿಯ ಬೆಳವಣಿಗೆ 10 ಡಿಗ್ರಿ ಸೆಲ್ಸಿಯಸ್‌ನ ಕೆಳಗೆ ನಿಂತುಹೋಗುತ್ತದೆ, ಮೂರನೆಯ ಹಂತವನ್ನು ಮುಟ್ಟಲು ಅದಕ್ಕೆ 1,700 ಡಿಗ್ರಿ-ಗಂಟೆಗಳು (ಆ 10 ಡಿಗ್ರಿಗಿಂತ ಮೇಲಿರುವ ಡಿಗ್ರಿಗಳನ್ನು ಗಂಟೆಗಳಿಂದ ಗುಣಿಸಿದ ಮೊತ್ತ) ಬೇಕು ಎಂದಿಟ್ಟುಕೊಳ್ಳಿ. ಸರಾಸರಿ 27 ಡಿಗ್ರಿ ಇರುವ ಕುಂಬಳೆಯ ತೋಟದಲ್ಲಿ ಪ್ರತಿ ಗಂಟೆಗೆ 17 ಡಿಗ್ರಿ-ಗಂಟೆಗಳು ಕೂಡುತ್ತಾ ಹೋಗುವುದರಿಂದ 100 ಗಂಟೆಗಳಲ್ಲಿ, ಎಂದರೆ ನಾಲ್ಕು ದಿನ ಚಿಲ್ಲರೆಯಲ್ಲಿ, ಅದು ಆ ಹಂತಕ್ಕೆ ಬರುತ್ತದೆ. ರಾಣಿಪುರಂ ಗುಡ್ಡದ ಮೇಲೆ ಸರಾಸರಿ 22 ಡಿಗ್ರಿ ಇದ್ದರೆ ಅದೇ ಹುಳುವಿಗೆ ಸುಮಾರು 142 ಗಂಟೆಗಳು, ಹೆಚ್ಚುಕಡಿಮೆ ಆರು ದಿನಗಳು ಬೇಕಾಗುತ್ತವೆ. ಹುಳು ಒಂದೇ, ಗಾತ್ರ ಒಂದೇ, ಉತ್ತರದಲ್ಲಿ ಎರಡು ದಿನಗಳ ವ್ಯತ್ಯಾಸ. ಉಷ್ಣತೆಯ ದಾಖಲೆಯಿಲ್ಲದೆ ಹುಳುವಿನ ಉದ್ದವನ್ನಷ್ಟೇ ಅಳೆದು ದಿನ ಹೇಳುವವರನ್ನು ನಾನು ನಂಬುವುದಿಲ್ಲ.

ಕೊಬ್ಬರಿ ವ್ಯಾಪಾರಿ, ಕುಂಬಳೆ

ವಿಷಯ ನನ್ನದಲ್ಲವಾದರೂ ಒಂದು ಸಂದೇಹ. ಸರಿಯಾಗಿ ಒಣಗದ ಕೊಬ್ಬರಿಯ ಗೋಣಿಗಳಲ್ಲಿ ನೀಲಿ ಹೊಳಪಿನ, ಕೆಂಪು ಕಾಲುಗಳ, ಅರ್ಧ ಸೆಂಟಿಮೀಟರಿನಷ್ಟು ಉದ್ದದ ಒಂದು ಹುಳ ಬೀಳುತ್ತದೆ. ತೇವಾಂಶವನ್ನು ಶೇಕಡಾ 6ರ ಮಟ್ಟಕ್ಕೆ ಇಳಿಸಿ ಒಣಗಿಸಿದರೆ ಈ ಕಾಟ ಕಡಿಮೆ. ಇದೇ ಹುಳವನ್ನು ಒಣಮೀನಿನ ಅಂಗಡಿಯಲ್ಲೂ ನೋಡಿದ್ದೇನೆ. ಇದು ಶವಕ್ಕೂ ಬರುತ್ತದೆಯೆಂದು ಯಾರೋ ಹೇಳಿದರು, ನಿಜವೇ? ನಿಜವಾದರೆ ಗಿರಾಕಿಗಳಿಗೆ ಹೇಳಬೇಡಿ.

ಕೀಟಶಾಸ್ತ್ರ ಸಂಶೋಧಕಿ (ಊರು ಪೆರ್ಲ)

ನಿಜ. ಅದು ನೆಕ್ರೋಬಿಯಾ ರೂಫಿಪಿಸ್. ಕೊಬ್ಬರಿ, ಒಣಮೀನು, ಉಪ್ಪು ಹಾಕಿ ಒಣಗಿಸಿದ ಮಾಂಸ, ಒಣಗುತ್ತಿರುವ ಶವ: ಎಲ್ಲದರಲ್ಲಿಯೂ ಅದಕ್ಕೆ ಬೇಕಾದದ್ದು ಕೊಬ್ಬು ಮತ್ತು ಪ್ರೋಟೀನು, ಅಲ್ಲಿರುವ ಬೇರೆ ಕೀಟಗಳ ಮರಿಹುಳುಗಳನ್ನೂ ಅದು ತಿನ್ನುತ್ತದೆ. ನಿಮ್ಮ ಗೋದಾಮಿಗೆ ಬರುವ ಹುಳ ಶವದಿಂದ ಬಂದದ್ದೇನೂ ಅಲ್ಲ, ಗಿರಾಕಿಗಳು ಹೆದರಬೇಕಾಗಿಲ್ಲ.

ಒಣಮೀನಿನ ಅಂಗಡಿಯಲ್ಲಿ ಇನ್ನೊಂದನ್ನೂ ನೀವು ನೋಡಿರುತ್ತೀರಿ: ಕಪ್ಪು ಬೆನ್ನು, ಬಿಳಿಯ ಹೊಟ್ಟೆ, ಕಂಬಳಿಹುಳದ ಹಾಗೆ ರೋಮ ತುಂಬಿದ ಮರಿ. ಅದು ಡರ್ಮೆಸ್ಟಿಸ್ ಮ್ಯಾಕುಲೇಟಸ್. ಒಣಗಿದ ಚರ್ಮ ಮತ್ತು ಸ್ನಾಯುಗಳನ್ನು ಅದು ಎಷ್ಟು ಚೊಕ್ಕವಾಗಿ ತಿನ್ನುತ್ತದೆಯೆಂದರೆ, ವಸ್ತುಸಂಗ್ರಹಾಲಯಗಳಲ್ಲಿ ಪ್ರಾಣಿಗಳ ಅಸ್ಥಿಪಂಜರಗಳನ್ನು ಸ್ವಚ್ಛಗೊಳಿಸಲು ಅದನ್ನೇ ಸಾಕುತ್ತಾರೆ. ಮಾಸ್ತರರು ಕೇಳಿದ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಚಳಿದೇಶದ ಪುಸ್ತಕಗಳಲ್ಲಿ ಸಿಲ್ಫಿಡೇ ಜೀರುಂಡೆಗಳಿಗಿರುವ ಪ್ರಾಮುಖ್ಯವನ್ನು ನಮ್ಮ ತಗ್ಗುನಾಡಿನಲ್ಲಿ ಈ ಎರಡಕ್ಕೆ, ಮತ್ತು ನೊಣದ ಹುಳುಗಳನ್ನು ಬೇಟೆಯಾಡಲು ಬರುವ ಹಿಸ್ಟರಿಡೇ ಹಾಗೂ ಸ್ಟ್ಯಾಫಿಲಿನಿಡೇ ಕುಟುಂಬದ ಜೀರುಂಡೆಗಳಿಗೆ ಕೊಡಬೇಕು. ಆದರೆ ಡರ್ಮೆಸ್ಟಿಸ್ ಬರಬೇಕಾದರೆ ದೇಹ ಒಣಗಬೇಕು. ಆಟಿ ತಿಂಗಳ ಮಳೆಯಲ್ಲಿ ತೆರೆದ ತೋಟದಲ್ಲಿ ಬಿದ್ದ ದೇಹ ಒಣಗುವುದೇ ಇಲ್ಲ; ಮಾರ್ಚ್, ಏಪ್ರಿಲ್‌ನಲ್ಲಿ ಬೀಗ ಹಾಕಿದ ಹೆಂಚಿನ ಮನೆಯೊಳಗೆ ಒಣಗುತ್ತದೆ. ಅಂಥ ಮನೆಯಲ್ಲಿ ದೇಹದ ಸುತ್ತ ನೂಲಿನಂತೆ ಸುರುಳಿಯಾದ ಹಿಕ್ಕೆಯ ರಾಶಿ ಕಂಡರೆ, ಅದು ಈ ಜೀರುಂಡೆಯ ಮರಿಗಳು ಬಹುಕಾಲದಿಂದ ಅಲ್ಲಿದ್ದುದರ ಗುರುತು.

ನಿವೃತ್ತ ಪೊಲೀಸ್ ಅಧಿಕಾರಿ, ಮಂಜೇಶ್ವರ

ಓದಲು ಚೆನ್ನಾಗಿದೆ. ಆದರೆ ಠಾಣೆಯಲ್ಲಿ ಕೆಲಸ ಮಾಡಿದವನ ಕಷ್ಟವನ್ನೂ ಸ್ವಲ್ಪ ಕೇಳಬೇಕು. ಗೇರುತೋಟದಲ್ಲಿ ಅಪರಿಚಿತ ಶವ ಎಂಬ ಕರೆ ಬರುವಾಗ ಕತ್ತಲಾಗುತ್ತಿರುತ್ತದೆ, ಮಳೆ ಸುರಿಯುತ್ತಿರುತ್ತದೆ, ಊರಿನವರೆಲ್ಲ ಅಲ್ಲಿ ತುಳಿದಾಡಿರುತ್ತಾರೆ. ಇನ್‌ಕ್ವೆಸ್ಟ್ (ಸಾವಿನ ಕಾರಣದ ಬಗ್ಗೆ ಸ್ಥಳದಲ್ಲಿ ನಡೆಸುವ ವಿಚಾರಣೆ) ಮುಗಿಸಿ ಶವವನ್ನು ಮರಣೋತ್ತರ ಪರೀಕ್ಷೆಗೆ ಕಳುಹಿಸುವುದೇ ಒಂದು ಸಾಹಸ. ಅಂಥಲ್ಲಿ ಹುಳು ಹೆಕ್ಕುವ ಸಿಬ್ಬಂದಿ ಎಲ್ಲಿಂದ ಬರಬೇಕು? ಇಡೀ ಸೇವಾವಧಿಯಲ್ಲಿ ಕೀಟತಜ್ಞರ ವರದಿಯಿಂದ ಒಂದು ಪ್ರಕರಣ ಬಗೆಹರಿದದ್ದನ್ನು ನಾನು ಕಂಡಿಲ್ಲ. ಕಾಣೆಯಾದವರ ದೂರು, ಮೊಬೈಲಿನ ಕೊನೆಯ ಕರೆ, ಅಂಗಡಿಯ ಕ್ಯಾಮೆರಾ, ಇವುಗಳಿಂದಲೇ ಬಹುಮಟ್ಟಿಗೆ ದಿನ ತಿಳಿಯುತ್ತದೆ. ವೈದ್ಯರು "3ರಿಂದ 5 ದಿನ" ಎಂದು ಬರೆದುಕೊಟ್ಟರೆ ನಮಗೆ ಸಾಕಾಗುತ್ತಿತ್ತು.

ವಿಧಿವೈದ್ಯ, ಮಂಗಳೂರು (ಊರು ಮುಳ್ಳೇರಿಯ)

ಅಧಿಕಾರಿಗಳೇ, ಆ "3ರಿಂದ 5 ದಿನ" ಎಂಬುದನ್ನು ಬರೆಯುವವರಲ್ಲಿ ನಾನೂ ಒಬ್ಬನಾದ್ದರಿಂದ ಅದು ಎಲ್ಲಿಂದ ಬರುತ್ತದೆಂದು ಹೇಳುತ್ತೇನೆ. ದೇಹದ ತಂಪಾಗುವಿಕೆ, ಮರಣೋತ್ತರ ಬಿಗಿತ, ರಕ್ತ ಇಳಿದು ಉಂಟಾಗುವ ಕಲೆ, ಇವು ಮೂರೂ ಮೊದಲ ಒಂದೆರಡು ದಿನಗಳಲ್ಲಿ ಮಾತ್ರ ಉಪಯೋಗಕ್ಕೆ ಬರುತ್ತವೆ. ನಮ್ಮ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ ದೇಹದ ಉಷ್ಣತೆಯ ಹತ್ತಿರ ಇರುವುದರಿಂದ ತಂಪಾಗುವಿಕೆಯ ಲೆಕ್ಕ ಅಷ್ಟಕ್ಕೂ ನಿಲ್ಲುವುದಿಲ್ಲ. ಆಮೇಲೆ ಉಳಿಯುವುದು ಊದುವಿಕೆ, ಬಣ್ಣ, ಚರ್ಮ ಸುಲಿಯುವಿಕೆ, ಇವುಗಳನ್ನು ನೋಡಿ ಅನುಭವದಿಂದ ಹೇಳುವ ಅಂದಾಜು. ಗಾಳಿಯಲ್ಲಿ ಒಂದು ವಾರದ ಕೊಳೆಯುವಿಕೆ ನೀರಿನಲ್ಲಿ ಎರಡು ವಾರ, ಮಣ್ಣಿನಡಿಯಲ್ಲಿ ಎಂಟು ವಾರಗಳಿಗೆ ಸಮ ಎಂಬ ಕ್ಯಾಸ್ಪರನ ಹಳೆಯ ನಿಯಮವನ್ನು ನಾವೆಲ್ಲ ಪಾಠವಾಗಿ ಓದಿದ್ದೇವೆ. ಅದು ದಾರಿ ತೋರಿಸಬಹುದು, ತಾರೀಖು ಕೊಡಲಾರದು. ಕೀಟಗಳ ಲೆಕ್ಕವು ನಿಜವಾಗಿ ಕೈಹಿಡಿಯುವುದು ಮೂರನೆಯ ದಿನದ ನಂತರ, ಎಂದರೆ ನಮ್ಮ ವಿದ್ಯೆ ಕೈಕೊಡುವಲ್ಲಿ.

ಆದರೆ ಕೀಟಗಳಿಂದ ನಮಗೆ ಆಗುವ ತೊಂದರೆಯನ್ನೂ ಇಲ್ಲಿ ದಾಖಲಿಸಬೇಕು. ಇರುವೆಗಳು ಶವದ ಚರ್ಮವನ್ನು ಕಚ್ಚಿದಾಗ, ವಿಶೇಷವಾಗಿ ಕಣ್ಣಿನ ರೆಪ್ಪೆ, ತುಟಿ, ಕುತ್ತಿಗೆ, ಸೊಂಟದ ಪಟ್ಟಿಯ ಸುತ್ತ, ಕಂದುಬಣ್ಣದ ತರಚು ಗಾಯಗಳಂತಹ ಗುರುತುಗಳು ಉಳಿಯುತ್ತವೆ. ಕುತ್ತಿಗೆಯ ಮೇಲಿನ ಅಂಥ ಗುರುತನ್ನು ಕಂಡು ಹಿಸುಕಿ ಕೊಂದಿದ್ದಾರೆಂದು ಸಂಬಂಧಿಕರು ಗಲಾಟೆ ಮಾಡುವುದುಂಟು. ಕಚ್ಚಿದ ಅಂಚುಗಳ ಅಂಕುಡೊಂಕು, ಅಂಗಾಂಶದೊಳಗೆ ರಕ್ತಸ್ರಾವವಿಲ್ಲದಿರುವುದು, ಇವುಗಳಿಂದ ಅದು ಸಾವಿನ ನಂತರದ್ದೆಂದು ಗುರುತಿಸಬಹುದು. ಕೆಂಪಿರುವೆ ತುಂಬಿದ ನಮ್ಮ ಗೇರು, ಮಾವಿನ ತೋಟಗಳಲ್ಲಿ ಇನ್ನೊಂದು ತೊಡಕೂ ಇದೆ: ಅವು ನೊಣದ ಮೊಟ್ಟೆಗಳನ್ನೂ ಎಳೆಯ ಹುಳುಗಳನ್ನೂ ಹೊತ್ತೊಯ್ಯುವುದರಿಂದ ಗಡಿಯಾರವೇ ತಡವಾಗಿ ಆರಂಭವಾದಂತೆ ಕಾಣುತ್ತದೆ.

ನೀರಿನ ಪ್ರಕರಣಗಳಲ್ಲಿ, ಮುರಕಲ್ಲಿನ ಕೋರೆಯ ಹೊಂಡದಲ್ಲೋ ಬಾವಿಯಲ್ಲೋ ಶವವಿದ್ದಾಗ, ದೇಹವು ತೇಲಿ ಮೇಲೆ ಬಂದ ಬಳಿಕ ನೀರಿನಿಂದ ಹೊರಗಿರುವ ಭಾಗದ ಮೇಲೆ ಮಾತ್ರ ನೊಣ ಮೊಟ್ಟೆಯಿಡುತ್ತದೆ. ಆ ಹುಳುಗಳು ತೇಲಿದ ದಿನವನ್ನು ಹೇಳುತ್ತವೆ, ಬಿದ್ದ ದಿನವನ್ನಲ್ಲ.

ಕೃಷಿಕ, ಎಣ್ಮಕಜೆ

ಹಸುವಿನ ಗಾಯಕ್ಕೆ ಹುಳ ಬೀಳುವುದು ನಮಗೆಲ್ಲ ಗೊತ್ತು. ಟರ್ಪೆಂಟೈನ್ ಎಣ್ಣೆ ಹಾಕಿ ಹೊರಗೆ ಬರಿಸುತ್ತೇವೆ. ಹಸು ಬದುಕಿರುವಾಗಲೇ ಹುಳ ಬೀಳುತ್ತದೆಯಾದರೆ, ಹಾಸಿಗೆ ಹಿಡಿದು ಹುಣ್ಣಾದ ಮುದುಕರಿಗೂ ಬೀಳಬಹುದಲ್ಲವೇ? ಆಗ ಸಾವಿಗಿಂತ ಹುಳುವೇ ಹಳೆಯದಾಗುವುದಿಲ್ಲವೇ? ಇನ್ನೊಂದು ವಿಷಯ: ಕೀಟನಾಶಕ ಕುಡಿದು ಸತ್ತವರ ದೇಹಕ್ಕೆ ನೊಣ ಬರುತ್ತದೆಯೇ?

ಕೀಟಶಾಸ್ತ್ರ ಸಂಶೋಧಕಿ (ಊರು ಪೆರ್ಲ)

ಅಣ್ಣ, ಮೊದಲನೆಯದು ಬಹಳ ಗಟ್ಟಿಯಾದ ಪ್ರಶ್ನೆ. ಬದುಕಿರುವ ದೇಹದ ಹುಣ್ಣಿಗೆ ಹುಳು ಬೀಳುವುದುಂಟು. ದನಗಳಲ್ಲಿ ಅದಕ್ಕೆ ಮುಖ್ಯ ಕಾರಣ ಕ್ರೈಸೊಮಿಯಾ ಬೆಜ್ಜಿಯಾನಾ ಎಂಬ, ಜೀವಂತ ಮಾಂಸವನ್ನೇ ತಿನ್ನುವ ಜಾತಿ. ನೋಡಿಕೊಳ್ಳುವವರಿಲ್ಲದೆ ಮಲಗಿದ ವೃದ್ಧರಲ್ಲಿಯೂ ಮಕ್ಕಳಲ್ಲಿಯೂ ಶವಕ್ಕೆ ಬರುವ ಸಾಮಾನ್ಯ ನೊಣಗಳು ಮೊಟ್ಟೆಯಿಟ್ಟ ಪ್ರಕರಣಗಳಿವೆ. ಅಂಥಲ್ಲಿ ಹುಳುವಿನ ವಯಸ್ಸು ಸಾವಿನ ನಂತರದ ಕಾಲವನ್ನು ಹೇಳುವುದಿಲ್ಲ. ಎಷ್ಟು ದಿನಗಳಿಂದ ಆ ವ್ಯಕ್ತಿಯನ್ನು ಯಾರೂ ನೋಡಿಕೊಂಡಿಲ್ಲ ಎಂಬುದನ್ನು ಹೇಳುತ್ತದೆ. ಕೆಲವು ದೇಶಗಳಲ್ಲಿ ನಿರ್ಲಕ್ಷ್ಯದ ಮೊಕದ್ದಮೆಗಳಿಗೆ ಇದೇ ಸಾಕ್ಷ್ಯವಾಗಿದೆ. ಆದ್ದರಿಂದ ಹುಳು ದೇಹದ ಯಾವ ಭಾಗದಲ್ಲಿತ್ತು ಎಂಬುದನ್ನು ಬರೆಯದೆ ಬರಿಯ ಸೀಸೆಯನ್ನು ಕಳುಹಿಸಿದರೆ ಪ್ರಯೋಜನ ಕಡಿಮೆ. ಸಾಮಾನ್ಯವಾಗಿ ನೊಣ ಮೊದಲು ಕಣ್ಣು, ಮೂಗು, ಬಾಯಿಗಳಲ್ಲಿಯೂ ತೆರೆದ ಗಾಯಗಳಲ್ಲಿಯೂ ಮೊಟ್ಟೆಯಿಡುತ್ತದೆ. ಅಂಗೈಯಲ್ಲೋ ಮುಂಗೈಯಲ್ಲೋ ಹುಳುಗಳ ಗುಂಪು ಮುಂಚಿತವಾಗಿ ಬೆಳೆದಿದ್ದರೆ, ಏಟನ್ನು ತಡೆಯಲು ಹೋಗಿ ಆದ ಗಾಯ ಅಲ್ಲಿತ್ತೇ ಎಂದು ವೈದ್ಯರು ಹುಡುಕಬೇಕಾಗುತ್ತದೆ.

ವಿಷದ ಪ್ರಶ್ನೆ. ದೇಹದಲ್ಲಿರುವ ವಿಷ ಹುಳುವಿನ ದೇಹಕ್ಕೂ ಸೇರುತ್ತದೆ. ರಕ್ತ, ಮೂತ್ರ ಯಾವುದೂ ಉಳಿಯದಷ್ಟು ಕೊಳೆತ ಶವದಲ್ಲಿ ಹುಳುಗಳನ್ನೇ ಅರೆದು ರಾಸಾಯನಿಕ ಪರೀಕ್ಷೆ ಮಾಡಬಹುದು. 1980ರಲ್ಲಿ ಅಮೆರಿಕದಲ್ಲಿ ಒಂದು ಶವದ ಹುಳುಗಳಲ್ಲಿ ಫೀನೋಬಾರ್ಬಿಟಾಲ್ ಎಂಬ ಔಷಧವನ್ನು ಹೀಗೆಯೇ ಗುರುತಿಸಿದರು. ಮ್ಯಾಲಥಿಯಾನಿನಂತಹ ಕೀಟನಾಶಕ ಕುಡಿದವರ ವಿಷಯದಲ್ಲಿ ನೊಣ ಮೊಟ್ಟೆಯಿಡುವುದು ತಡವಾಗಬಹುದು, ಹುಳುಗಳು ಸಾಯಬಹುದು. ಕೊಕೇನಿನಂತಹವು ಬೆಳವಣಿಗೆಯ ವೇಗವನ್ನು ಹೆಚ್ಚಿಸುತ್ತವೆ. ವಿಷದ ಸುಳಿವಿದ್ದಾಗ ಸಾಮಾನ್ಯ ಕೋಷ್ಟಕವನ್ನು ಹಿಡಿದು ಲೆಕ್ಕಹಾಕಬಾರದು.

ಮಂಜೇಶ್ವರದ ಅಧಿಕಾರಿಗಳು ಹೇಳಿದ ಕಷ್ಟ ನಿಜವಾದದ್ದೇ. ಆದರೂ ಎರಡು ಹಳೆಯ ಪ್ರಕರಣಗಳನ್ನು ಅವರ ಮುಂದಿಡುತ್ತೇನೆ, ಏಕೆಂದರೆ ಒಂದು ಈ ವಿದ್ಯೆಯ ಶಕ್ತಿಯನ್ನೂ ಇನ್ನೊಂದು ಅಪಾಯವನ್ನೂ ತೋರಿಸುತ್ತದೆ. 1935ರ ಸೆಪ್ಟೆಂಬರ್ 29ರಂದು ಸ್ಕಾಟ್ಲೆಂಡಿನ ಮೊಫಟ್ ಎಂಬಲ್ಲಿ ಒಂದು ಹಳ್ಳದಲ್ಲಿ ಇಬ್ಬರು ಹೆಂಗಸರ ತುಂಡರಿಸಿದ ದೇಹಗಳು ಸಿಕ್ಕಿದವು. ಗ್ಲಾಸ್ಗೋ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಮಿಯರ್ನ್ಸ್ ಹುಳುಗಳನ್ನು ನೋಡಿ ಅವುಗಳ ವಯಸ್ಸು 12ರಿಂದ 14 ದಿನಗಳೆಂದರು. ಅದು ಡಾ. ಬಕ್ ರಕ್ಸ್‌ಟನ್‌ನ ಪತ್ನಿಯೂ ಮನೆಗೆಲಸದಾಕೆಯೂ ಕಾಣೆಯಾದ ದಿನಗಳಿಗೆ ಹೊಂದಿತು. ಇತರ ಸಾಕ್ಷ್ಯಗಳ ಜೊತೆಗೆ ಇದೂ ಸೇರಿ ಅವನಿಗೆ ಗಲ್ಲಾಯಿತು. ಅದಕ್ಕಿಂತ ಹಿಂದೆ, 1850ರಲ್ಲಿ, ಫ್ರಾನ್ಸಿನ ಆರ್ಬ್ವಾ ಎಂಬ ಊರಿನ ಮನೆಯೊಂದರ ಒಲೆಗೂಡಿನ ಹಿಂದೆ ಒಣಗಿದ ಶಿಶುವಿನ ದೇಹ ಸಿಕ್ಕಿದಾಗ, ವೈದ್ಯ ಬೆರ್ಜೆರೆ ಕೀಟಗಳ ಆಧಾರದಿಂದ ಅದು 1848ರಲ್ಲಿ ಇಟ್ಟದ್ದೆಂದು ಹೇಳಿದ್ದರಿಂದ ಆ ಮನೆಯಲ್ಲಿ 1850ರಲ್ಲಿ ವಾಸವಾಗಿದ್ದವರು ಸಂಶಯದಿಂದ ಪಾರಾದರು. ಆದರೆ ಕೀಟವೊಂದರ ಜೀವನಚಕ್ರಕ್ಕೆ ಒಂದು ಇಡೀ ವರ್ಷ ಬೇಕೆಂದು ಆತ ನಂಬಿದ್ದರು. ತೀರ್ಮಾನಕ್ಕೆ ಮನ್ನಣೆ ದೊರೆಯಿತು, ಅದರ ಹಿಂದಿನ ಜೀವಶಾಸ್ತ್ರ ತಪ್ಪಾಗಿತ್ತು. ಇಂದು ಯುರೋಪಿನ ಕೋಷ್ಟಕವನ್ನು ಹಾಗೆಯೇ ತಂದು ಕಾಸರಗೋಡಿನ ಶವಕ್ಕೆ ಅನ್ವಯಿಸಿದರೆ ನಾವೂ ಅದನ್ನೇ ಮಾಡಿದಂತೆ. ನಮ್ಮ ದೇಶದಲ್ಲಿ ಪಟಿಯಾಲಾದ ಪಂಜಾಬಿ ವಿಶ್ವವಿದ್ಯಾಲಯದಂತಹ ಕಡೆಗಳಲ್ಲಿ ಈ ನೊಣಗಳ ಮೇಲೆ ಕೆಲಸ ನಡೆದಿದೆ. ಆದರೆ ಪಂಜಾಬಿನ ಚಳಿಗಾಲವೂ ನಮ್ಮದಲ್ಲ.

ನಿವೃತ್ತ ವಿಜ್ಞಾನ ಅಧ್ಯಾಪಕ, ಬದಿಯಡ್ಕ

ಮಕ್ಕಳಿಗೆ ಶವದ ಚಿತ್ರ ತೋರಿಸುವ ಮನಸ್ಸಿಲ್ಲ. ತರಗತಿಯಲ್ಲಿ ಮಾಡಬಹುದಾದ ಸರಳ ಪ್ರಯೋಗವಿದ್ದರೆ ತಿಳಿಸಿ.

ಕೀಟಶಾಸ್ತ್ರ ಸಂಶೋಧಕಿ (ಊರು ಪೆರ್ಲ)

1668ರಲ್ಲಿ ಫ್ರಾನ್ಸಿಸ್ಕೊ ರೆಡಿ ಮಾಡಿದ್ದನ್ನೇ ಮಾಡಿಸಿ. ಎರಡು ಅಗಲ ಬಾಯಿಯ ಬಾಟಲಿಗಳಲ್ಲಿ ಒಂದೊಂದು ಬೂತಾಯಿ ಮೀನಿನ ತಲೆ ಇಟ್ಟು, ಒಂದರ ಬಾಯಿಗೆ ತೆಳ್ಳನೆಯ ಬಟ್ಟೆ ಕಟ್ಟಿ, ಇನ್ನೊಂದನ್ನು ತೆರೆದಿಡಿ. ಬಾಟಲಿಗಳನ್ನು ನೀರು ತುಂಬಿದ ತಟ್ಟೆಯ ನಡುವೆ ಇಡದಿದ್ದರೆ ಇರುವೆಗಳೇ ಪ್ರಯೋಗವನ್ನು ಮುಗಿಸಿಬಿಡುತ್ತವೆ. ದಿನಕ್ಕೆ ಮೂರು ಹೊತ್ತು ಉಷ್ಣತೆ ಬರೆದಿಡಲಿ. ಅದೇ ಪ್ರಯೋಗವನ್ನು ಡಿಸೆಂಬರಿನಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ಮಾಡಿದರೆ ಡಿಗ್ರಿ-ಗಂಟೆಗಳ ಲೆಕ್ಕವನ್ನು ನೀವು ಹೇಳಿಕೊಡಬೇಕಾಗಿಯೇ ಇಲ್ಲ.

ವಕೀಲೆ, ಕಾಸರಗೋಡು

ಕಾನೂನಿನ ಕಡೆಯಿಂದ ಒಂದೆರಡು ಮಾತುಗಳು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅಸ್ವಾಭಾವಿಕ ಸಾವಿನ ಇನ್‌ಕ್ವೆಸ್ಟ್ 194ನೆಯ ಕಲಮಿನಡಿ ಬರುತ್ತದೆ; ಹಿಂದಿನ ಸಂಹಿತೆಯ 174ನೆಯ ಕಲಮಿನ ಸ್ಥಾನ ಅದಕ್ಕೆ. ಅದೇ ಹೊಸ ಸಂಹಿತೆಯ 176ನೆಯ ಕಲಮಿನ 3ನೆಯ ಉಪಕಲಮು, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯಿರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ಅದನ್ನು ವೀಡಿಯೊ ಚಿತ್ರೀಕರಿಸಬೇಕು ಎನ್ನುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳವರೆಗೆ ಸಮಯಾವಕಾಶವಿದೆ. ತಜ್ಞರ ಅಭಿಪ್ರಾಯವು ಭಾರತೀಯ ಸಾಕ್ಷ್ಯ ಅಧಿನಿಯಮದ 39ನೆಯ ಕಲಮಿನಡಿ ಪ್ರಸ್ತುತವಾಗುತ್ತದೆ. ಕೀಟತಜ್ಞರೂ ಆ ಅರ್ಥದಲ್ಲಿ ತಜ್ಞರೇ. ಆದರೆ ಅಭಿಪ್ರಾಯವು ನ್ಯಾಯಾಲಯವನ್ನು ಕಟ್ಟಿಹಾಕುವುದಿಲ್ಲ.

ಪಾಟೀಸವಾಲಿನಲ್ಲಿ ನಾನು ಏನು ಕೇಳುತ್ತೇನೆಂದು ಹೇಳಿದರೆ ಸಂಶೋಧಕಿಯವರಿಗೆ ಉಪಯೋಗವಾದೀತು. ಈ ಹುಳುವನ್ನು ತೆಗೆದವರು ಯಾರು? ಎಷ್ಟು ಗಂಟೆಗೆ? ಶವಾಗಾರದ ಶೀತಪೆಟ್ಟಿಗೆಗೆ ಹೋಗುವ ಮೊದಲೇ ಅಥವಾ ಆಮೇಲೆ? ಉಷ್ಣತೆಯನ್ನು ಅಳೆದದ್ದು ಶವವಿದ್ದ ಜಾಗದಲ್ಲಿಯೋ, ಹವಾಮಾನ ಕೇಂದ್ರದಲ್ಲಿಯೋ? ಜಾತಿಯನ್ನು ಗುರುತಿಸಿದ್ದು ಹೇಗೆ? ಈ ಪ್ರಶ್ನೆಗಳಿಗೆ ಕಾಗದದಲ್ಲಿ ಉತ್ತರವಿಲ್ಲದಿದ್ದರೆ, ಎಷ್ಟು ದೊಡ್ಡ ವಿದ್ವಾಂಸರ ವರದಿಯಾದರೂ ನಿಲ್ಲುವುದಿಲ್ಲ. ನಮ್ಮ ಗಡಿಭಾಗದ ಒಂದು ವಿಶೇಷ ಕಷ್ಟವನ್ನೂ ಸೇರಿಸುತ್ತೇನೆ: ಮಹಜರು ಮಲಯಾಳದಲ್ಲಿರುತ್ತದೆ, ಸಹಿ ಹಾಕಿದ ಸಾಕ್ಷಿ ಕನ್ನಡ ಮಾತ್ರ ಓದಬಲ್ಲವರಾಗಿರುತ್ತಾರೆ. ಹುಳುಗಳನ್ನು ಎಲ್ಲಿಂದ ತೆಗೆದರು ಎಂಬುದನ್ನು ಸಾಕ್ಷಿಗೆ ಓದಿ ಅರ್ಥ ಹೇಳಿ ಸಹಿ ಪಡೆಯುವುದು ಒಳ್ಳೆಯದು.

ನಿವೃತ್ತ ಪೊಲೀಸ್ ಅಧಿಕಾರಿ, ಮಂಜೇಶ್ವರ

ಸರಿ, ಒಪ್ಪೋಣ. ತಜ್ಞರು ಬಂದು ತಲುಪುವ ತನಕ ಅಥವಾ ಬಾರದೇ ಇದ್ದಾಗ, ಠಾಣೆಯ ಒಬ್ಬ ಸಾಮಾನ್ಯ ಸಿಬ್ಬಂದಿ ಏನು ಮಾಡಬಹುದು? ಎರಡು ಸೀಸೆಗಳಿಗಿಂತ ಹೆಚ್ಚಿನ ಸಲಕರಣೆ ಕೇಳಿದರೆ ಅದು ಕಾಗದದ ಮೇಲೆಯೇ ಉಳಿಯುತ್ತದೆ ಎಂಬುದನ್ನು ಮೊದಲೇ ಹೇಳುತ್ತೇನೆ.

ಕೀಟಶಾಸ್ತ್ರ ಸಂಶೋಧಕಿ (ಊರು ಪೆರ್ಲ)

ಎರಡು ಸೀಸೆಗಳೇ ಸಾಕು, ಒಂದು ಉಷ್ಣತಾಮಾಪಕವೂ ಒಂದು ಪೆನ್ಸಿಲೂ ಜೊತೆಗಿರಲಿ. ಶವವನ್ನು ಅಲುಗಿಸುವ ಮೊದಲು ನಾಲ್ಕು ಕಡೆ ಉಷ್ಣತೆ ಅಳೆಯಬೇಕು: ಸೊಂಟದೆತ್ತರದ ಗಾಳಿಯಲ್ಲಿ ನೆರಳಿನಲ್ಲಿ, ನೆಲದ ಮೇಲೆ, ದೇಹದಡಿಯ ಮಣ್ಣಿನಲ್ಲಿ, ಹುಳುಗಳ ರಾಶಿಯ ನಡುವೆ. ಕೊನೆಯದನ್ನು ಬಿಡಲೇಬಾರದು, ಸಾವಿರಾರು ಹುಳುಗಳು ಒಟ್ಟಾಗಿ ಮೇಯುವಲ್ಲಿ ಉಷ್ಣತೆ ಹೊರಗಿನ ಗಾಳಿಗಿಂತ ಬಹಳ ಮೇಲೇರಿ 45 ಡಿಗ್ರಿಯನ್ನೂ ಮುಟ್ಟಬಹುದು.

ಆಮೇಲೆ ಬೇರೆಬೇರೆ ಗಾತ್ರದ ಹುಳುಗಳನ್ನು, ಮುಖ್ಯವಾಗಿ ಕಣ್ಣಿಗೆ ಬಿದ್ದವುಗಳಲ್ಲಿ ಅತಿ ದೊಡ್ಡವನ್ನು, ತೆಗೆದು ಎರಡು ಪಾಲು ಮಾಡಬೇಕು. ಒಂದು ಪಾಲನ್ನು ಕುದಿಯುವಷ್ಟು ಬಿಸಿಯಾದ ನೀರಿಗೆ ಅರ್ಧ ನಿಮಿಷ ಹಾಕಿ ನಂತರ ಶೇಕಡಾ 80ರ ಆಲ್ಕೊಹಾಲಿಗೆ ವರ್ಗಾಯಿಸಬೇಕು. ಜೀವಂತ ಹುಳುವನ್ನು ನೇರವಾಗಿ ಆಲ್ಕೊಹಾಲಿಗೆ ಹಾಕಿದರೆ ಅದು ಮುದುಡಿ ಕಪ್ಪಾಗಿ ಅಳತೆಗೆ ಸಿಗುವುದಿಲ್ಲ. ಬಿಸಿನೀರನ್ನು ಫ್ಲಾಸ್ಕಿನಲ್ಲಿ ಒಯ್ಯಬಹುದು. ಇನ್ನೊಂದು ಪಾಲನ್ನು ಮುಚ್ಚಳಕ್ಕೆ ಸಣ್ಣ ತೂತುಗಳಿರುವ ಡಬ್ಬಿಯಲ್ಲಿ, ಮರದ ಹುಡಿ ಮತ್ತು ಒಂದು ತುಂಡು ಈಲಿಯ ಜೊತೆ, ಜೀವಂತವಾಗಿಯೇ ಪ್ರಯೋಗಾಲಯಕ್ಕೆ ಕಳುಹಿಸಬೇಕು. ನೊಣವಾಗಿ ಹೊರಬಂದ ಮೇಲೆ ಜಾತಿಯನ್ನು ಖಚಿತವಾಗಿ ಹೇಳಲು ಸುಲಭ. ವಿವರಚೀಟಿಯನ್ನು ಪೆನ್ಸಿಲಿನಲ್ಲಿಯೇ ಬರೆಯಬೇಕು, ಪೆನ್ನಿನ ಶಾಯಿ ಆಲ್ಕೊಹಾಲಿನಲ್ಲಿ ಕರಗಿಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ತಪ್ಪಿಹೋಗುವುದು ಕೋಶಗಳು. ಹೊಟ್ಟೆ ತುಂಬಿದ ಹುಳು ಮೀಟರುಗಟ್ಟಲೆ ದೂರ ತೆವಳುವುದರಿಂದ, ಅಡಿಕೆ ತೋಟದಲ್ಲಾದರೆ ಸುತ್ತಲಿನ ಬಿದ್ದ ಹಾಳೆ, ಸೋಗೆಗಳನ್ನು ಎತ್ತಿ ನೋಡಬೇಕು, ಮೇಲುಮಣ್ಣನ್ನು ಕೆದಕಬೇಕು. ಮರಕ್ಕೆ ನೇಣು ಹಾಕಿಕೊಂಡ ದೇಹವಾದರೆ ಹುಳುಗಳು ಉದುರಿ ನೇರ ಕೆಳಗಿನ ನೆಲದಲ್ಲಿರುತ್ತವೆ. ಶವದ ಮೇಲೆ ಕಾಣುವ ಹುಳುಗಳು ಎರಡನೆಯ ತಲೆಮಾರಿನವಾಗಿದ್ದು, ಮೊದಲ ತಲೆಮಾರಿನ ಖಾಲಿ ಕೋಶಗಳು ಹಾಳೆಯಡಿಯಲ್ಲಿ ಉಳಿದುಬಿಟ್ಟರೆ, ವರದಿಯು ಒಂದು ವಾರಕ್ಕೂ ಹೆಚ್ಚು ತಪ್ಪುತ್ತದೆ. ಹೂತ ಶವವನ್ನು ಮೇಲೆತ್ತಿದಾಗಲೂ ಕೋಶಗಳನ್ನು ಹುಡುಕಿ: ಆಳದ ಗುಂಡಿಯಲ್ಲಿ ಕ್ರೈಸೊಮಿಯಾದ ಹುಳುವೋ ಕೋಶವೋ ಸಿಕ್ಕಿದರೆ, ಹೂಳುವ ಮೊದಲು ಆ ದೇಹ ಸ್ವಲ್ಪ ಕಾಲ ಹೊರಗೆ ಬಿದ್ದಿತ್ತೆಂದು ಅರ್ಥ.

ಕೃಷಿಕ, ಎಣ್ಮಕಜೆ

ನಮ್ಮ ಕಡೆ ಶವ ಕಂಡರೆ ಮೊದಲು ಮಾಡುವ ಕೆಲಸವೆಂದರೆ ವಾಸನೆ ತಡೆಯಲಾರದೆ ಫಿನಾಯಿಲ್ ಹಾಕುವುದು, ಬ್ಲೀಚಿಂಗ್ ಪುಡಿ ಎರಚುವುದು. ಅದರಿಂದ ಇದೆಲ್ಲ ಹಾಳಾಗುತ್ತದೆಯೇ?

ವಿಧಿವೈದ್ಯ, ಮಂಗಳೂರು (ಊರು ಮುಳ್ಳೇರಿಯ)

ಹೌದು, ಹುಳುಗಳು ಸಾಯುತ್ತವೆ, ಹೊಸ ನೊಣಗಳು ಬರುವುದಿಲ್ಲ, ರಾಸಾಯನಿಕ ಪರೀಕ್ಷೆಯೂ ಕೆಡುತ್ತದೆ. ಈಗಾಗಲೇ ಹಾಕಿದ್ದರೆ ಅದನ್ನು ಮುಚ್ಚಿಡದೆ ಪೊಲೀಸರಿಗೆ ಹೇಳಿ, ಯಾವುದನ್ನು ಎಷ್ಟು ಹೊತ್ತಿಗೆ ಹಾಕಿದಿರೆಂಬುದು ಮಹಜರಿನಲ್ಲಿ ಬರಲಿ. ಗೌರವಕ್ಕಾಗಿ ಮುಚ್ಚಲೇಬೇಕಾದರೆ ತೆಳ್ಳನೆಯ ಬಟ್ಟೆ ಹಾಕಿ, ಟಾರ್ಪಾಲು ಬೇಡ. ಅದರಡಿಯಲ್ಲಿ ಉಷ್ಣತೆ ಏರಿ ಹುಳುಗಳು ಬೇಗ ಬೆಳೆಯುತ್ತವೆ. 112ಕ್ಕೆ ಕರೆ ಮಾಡಿದ ಹೊತ್ತನ್ನು ಬರೆದಿಟ್ಟು, ನಾಯಿ ನರಿಗಳು ಹತ್ತಿರ ಬಾರದಂತೆ ದೂರದಿಂದ ನೋಡಿಕೊಂಡರೆ ಸಾಕು.